ಗಿರಣಿಯಿಂದ ವಿಧಾನಸಭೆಗೆ
(ಹುಪರಿಯ ಸಭೆಯಲ್ಲಿ ಮಾಡಿದ ಭಾಷಣ)



ಬೆಳ್ಳಿಯನ್ನು ಕರಗಿಸಿ, ತಂತಿ ಎಳೆದು, ಗೆಜ್ಜೆ ಜೋಡಿಸಿ ದೇಶಕ್ಕೆಲ್ಲ ಕಾಲಂದುಗೆ ಕಳುಹುವ ಹುಪರಿಯಲ್ಲಿ ಕೈಕೆಲಸದ ಬೆಲೆಯನ್ನು ನಾವು ಹೇಳಬೇಕಾಗಿಲ್ಲ. ನೆರೆಯ ಇಚಲಕರಂಜಿಗೆ 1904ರಲ್ಲಿಯೇ ಯಂತ್ರಮಗ್ಗ ಬಂದಿತು; ಆ ಮಗ್ಗಗಳ ಸದ್ದಿನಲ್ಲಿ ಬೆಳೆದವರು ನಿಮ್ಮಲ್ಲಿ ಅನೇಕರು. ಆದುದರಿಂದ ದಾವಣಗೆರೆಯ ಪಂಪಾಪತಿಯವರ ವೃತ್ತಾಂತವು ನಿಮಗೆ ಪರಕೀಯವೆನಿಸಲಾರದು.

ದಾವಣಗೆರೆಯನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಹತ್ತಿಯ ಗಿರಣಿಗಳ ಕೂಗಿಗೆ ಊರು ಏಳುತ್ತಿತ್ತು. (ಇಂದು ಆ ಊರ ಹೆಸರೆತ್ತಿದರೆ ಜನ ಬೆಣ್ಣೆದೋಸೆಯನ್ನು ನೆನೆಯುತ್ತಾರೆ!) ಪಂಪಾಪತಿಯವರು ಅಂಥ ಗಿರಣಿಯಲ್ಲಿ ದುಡಿದವರು. ಕಾರ್ಮಿಕ ಸಂಘದಲ್ಲಿ ಮುಂದಾಳಾದರು, ಕಮ್ಯುನಿಸ್ಟ್ ಪಕ್ಷದವರಾದರು, ನಗರಸಭೆಯ ಅಧ್ಯಕ್ಷರೂ ಆದರು. ಈ ಕೊನೆಯ ಮೆಟ್ಟಿಲನ್ನು ಹಗುರವಾಗಿ ಕಾಣಬಾರದೆಂದು ನಮ್ಮ ಅಭಿಪ್ರಾಯ. ಕೂಲಿಯ ಜಗಳದಲ್ಲಿ ಕಾರ್ಮಿಕನು ಮಾತ್ರ ನಾಯಕನೊಡನೆ ಇರುತ್ತಾನೆ. ನಲ್ಲಿ, ಚರಂಡಿ, ಬೀದಿದೀಪಗಳ ಮಾತು ಬಂದಾಗ ಅಂಗಡಿಯವನೂ ಗುಮಾಸ್ತನೂ ಅವನ ಬಾಗಿಲಿಗೆ ಬರುತ್ತಾರೆ. ಸಣ್ಣ ಪಕ್ಷದವನಿಗೆ ತನ್ನ ಕೇರಿಯ ಹೊರಗೂ ಮತ ದೊರೆಯುವುದು ಹೀಗೆ.

1978, 1983, 1985 — ಮೂರು ಚುನಾವಣೆಗಳಲ್ಲಿ ದಾವಣಗೆರೆಯು ಅವರನ್ನೇ ವಿಧಾನಸಭೆಗೆ ಆರಿಸಿ ಕಳುಹಿತು. 224 ಸ್ಥಾನಗಳ ಆ ಸಭೆಯಲ್ಲಿ ಮೂರು ಸಲವೂ ಅವರ ಪಕ್ಷಕ್ಕೆ ದೊರೆತವು ಮೂರೇ ಸ್ಥಾನ. ಮೂವರು ಏನು ಮಾಡಿಯಾರು ಎಂದು ನೀವು ಕೇಳಬಹುದು. ಸಂಖ್ಯೆಯಲ್ಲಿ ಅಲ್ಪರಾದ ನೀವು ಈ ಪ್ರಶ್ನೆಯನ್ನು ಕೇಳಲೇಬೇಕು. 1983ರಲ್ಲಿ ಜನತಾ ಪಕ್ಷಕ್ಕೆ 95 ಸ್ಥಾನಗಳು ಬಂದವು; ಬಹುಮತಕ್ಕೆ 113 ಬೇಕಾಗಿತ್ತು. ರಾಮಕೃಷ್ಣ ಹೆಗಡೆಯವರ ಸರಕಾರವು ಭಾರತೀಯ ಜನತಾ ಪಕ್ಷ, ಎಡಪಕ್ಷಗಳು ಮತ್ತು ಪಕ್ಷೇತರರ ಬೆಂಬಲದಿಂದ ನಿಂತಿತು. ಆಗ ಮೂವರಿಗೂ ತೂಕವಿತ್ತು. ಎರಡೇ ವರ್ಷಗಳಲ್ಲಿ, 1985ರಲ್ಲಿ, ಜನತಾ ಪಕ್ಷಕ್ಕೆ 139 ಸ್ಥಾನಗಳು ಬಂದವು. ಮೂವರು ಮೂವರೇ ಆಗಿ ಉಳಿದರು. ತೂಕ ಮಾತ್ರ ಇಳಿಯಿತು. ಸಣ್ಣ ಪಕ್ಷದ ಬಲವು ತನ್ನ ಮತಗಳಲ್ಲಿ ಇರುವಷ್ಟೇ ದೊಡ್ಡವರ ಕೊರತೆಯಲ್ಲಿಯೂ ಇರುತ್ತದೆ. ಇದು ಕಹಿಯಾದ ಲೆಕ್ಕ, ಆದರೆ ಲೆಕ್ಕ.

ಅವರನ್ನು ನಾವು ಬರಿಯ ಹೊಗಳಿಕೆಯಿಂದ ಮುಚ್ಚಲಾರೆವು. ಶಾಸಕನಾದ ಕಾರ್ಮಿಕನಿಂದಲೂ ಗಿರಣಿಗಳನ್ನು ಉಳಿಸಲಾಗಲಿಲ್ಲ. ಒಂದೊಂದಾಗಿ ಅವು ಬಾಗಿಲು ಹಾಕಿದವು. ಪಾಳಿ ಮುಗಿಸಿ ಒಟ್ಟಾಗಿ ಹೊರಬರುತ್ತಿದ್ದ ಜನ ಬೇರೆ ಬೇರೆ ಕಸುಬುಗಳಿಗೆ ಚದುರಿದರು. ಒಟ್ಟಾಗಿ ಬೀಳುತ್ತಿದ್ದ ಮತಗಳೂ ಚದುರಿದವು. 1989ರಲ್ಲಿ ಕ್ಷೇತ್ರವು ಕಾಂಗ್ರೆಸಿನ ಪಾಲಾಯಿತು. 1994ರಲ್ಲಿ ಅದೇ ಪಕ್ಷದಿಂದ ಗೆದ್ದ ಶಾಮನೂರು ಶಿವಶಂಕರಪ್ಪನವರು ವ್ಯಾಪಾರ, ವಿದ್ಯಾಸಂಸ್ಥೆಗಳಿಂದ ಹೆಸರಾದವರು. ಗಿರಣಿಯ ಊರು ಕಾಲೇಜುಗಳ ಊರಾಯಿತು.

ದಾವಣಗೆರೆಗೆ ಹೋದಾಗ ಅಶೋಕ ರಸ್ತೆಯಲ್ಲಿ ಕೇಳಿರಿ. ಪಂಪಾಪತಿ ಭವನವನ್ನು ತೋರಿಸುತ್ತಾರೆ. ಕಾರ್ಮಿಕ ಸಂಘಗಳ ಸಭೆಗಳು ಅಲ್ಲಿ ಸೇರುತ್ತವೆ.