ಕೇರಿಯ ಸುದ್ದಿ ಕೇರಿಯವರೇ ಬರೆಯಬೇಕು

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ)



ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯಿಂದ ಬಂದು ಇಲ್ಲಿ ಕೂತೀರಿ. ನಿಮ್ಮ ಊರಿನ ಹೆಸರು ಪೇಪರಿನಲ್ಲಿ ಯಾವಾಗ ಬರುತ್ತದೆ? ಜಾತ್ರೆ ಆದಾಗ, ಸ್ವಾಮಿಗಳು ಬಂದಾಗ, ಮಂತ್ರಿ ಗುದ್ದಲಿ ಪೂಜೆ ಮಾಡಿದಾಗ, ಮಳೆ ಕೈಕೊಟ್ಟಾಗ. ನಿಮ್ಮ ಕೇರಿಯ ಹೆಸರು ಯಾವಾಗ ಬರುತ್ತದೆ? ಹೆಣ ಬಿದ್ದಾಗ. ಅದೂ ಬಂದರೆ ಬಂತು. ಕೇರಿಯ ನಳಕ್ಕೆ ನೀರಿಲ್ಲ, ಸತ್ತವರನ್ನು ಹೂಳಲು ಜಾಗ ಇಲ್ಲ, ಚಹಾದಂಗಡಿಯಲ್ಲಿ ನಮಗೊಂದು ಕಪ್ಪು ಬೇರೆ. ಇವು ಸುದ್ದಿ ಆಗೋದಿಲ್ಲ. 'ದಿನಾ ನಡೆಯೋದು ಸುದ್ದಿ ಹೆಂಗ ಆಗತೈತಿ' ಅಂತಾರ. ದಿನಾ ನಡೀತೈತಿ ಅನ್ನೋದನ್ನೇ ನಾವು ಬರೆಯಬೇಕಾಗಿದೆ.

ನಮ್ಮ ಈ ನಾಲ್ಕು ತಾಲೂಕಿಗೆ ನಮ್ಮದೇ ಸಣ್ಣ ಪತ್ರಿಕೆ ಬೇಕು ಎಂದು ಹೇಳಲಿಕ್ಕೆ ನಾವು ಬಂದಿದ್ದೇವೆ. ಅದು ಯಾರ ದುಡ್ಡಿನಲ್ಲಿ ನಡೆಯಬೇಕು, ಅದರ ಮೇಲೆ ಯಾರ ಹೆಸರಿರಬೇಕು, ಅದರಲ್ಲಿ ಏನಿರಬೇಕು, ಈ ಮೂರೂ ಇವತ್ತು ತೀರ್ಮಾನ ಆಗಬೇಕು.

ಧಾರವಾಡ ಸೀಮೆಗೆ ಪತ್ರಿಕೆ ಹೊಸದಲ್ಲ. ವಿದ್ಯಾವರ್ಧಕ ಸಂಘದ 'ವಾಗ್ಭೂಷಣ' 1896ರಲ್ಲೇ ಬಂತು. 1921ರಲ್ಲಿ 'ಕರ್ಮವೀರ' ಬಂತು. ಆಮೇಲೆ ಹುಬ್ಬಳ್ಳಿಯಿಂದ 'ಸಂಯುಕ್ತ ಕರ್ನಾಟಕ' ಬಂತು. ಇವು ಬ್ರಿಟಿಷರ ವಿರುದ್ಧ ಬರೆದವು, ಕನ್ನಡ ನಾಡು ಒಂದಾಗಲಿ ಎಂದು ಬರೆದವು. ಅದು ದೊಡ್ಡ ಕೆಲಸ. ಆದರೆ ಬರೆಯುವ ಕೈ ಊರೊಳಗಿನದು, ಕೇರಿಯದಲ್ಲ.

1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಮಲಪ್ರಭೆಯ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದರು. ಗೋಲಿಬಾರಿನಲ್ಲಿ ಜೀವ ಹೋದವು. ನಾಡೆಲ್ಲ ಎದ್ದು ಕೂತಿತು, ಸರಕಾರ ನಡುಗಿತು. ಆ ಸಿಟ್ಟು ನ್ಯಾಯದ ಸಿಟ್ಟು. ಆದರೆ ಅದೇ ಎರೆಹೊಲದಲ್ಲಿ ಹತ್ತಿ ಬಿಡಿಸುವ, ಕಳೆ ತೆಗೆಯುವ ನಮ್ಮ ಅವ್ವಂದಿರಿಗೆ ಕರ ಕಟ್ಟಲು ಹೊಲವೇ ಇರಲಿಲ್ಲ. ಅವರ ಕೂಲಿಯ ಮಾತನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದವರು ಯಾರು? 2016ರ ಜುಲೈನಲ್ಲಿ ನವಲಗುಂದ ತಾಲೂಕಿನ ಯಮನೂರಿನಲ್ಲಿ ಪೊಲೀಸರು ಹೆಂಗಸರು ಮುದುಕರು ಎನ್ನದೆ ಬಡಿದಾಗ ಟಿವಿ ಚಿತ್ರ ಮನೆಮನೆಗೆ ಮುಟ್ಟಿತು. ಕಂಡದ್ದಕ್ಕೆ ಸರಕಾರ ಉತ್ತರ ಕೊಡಬೇಕಾಗುತ್ತದೆ. ಕಾಣದ್ದಕ್ಕೆ ಯಾರೂ ಕೇಳೋದಿಲ್ಲ.

ತಾಲೂಕು ಬಾತ್ಮಿದಾರರನ್ನು ಬೈದು ಉಪಯೋಗವಿಲ್ಲ. ಅವರಲ್ಲಿ ಬಹಳ ಮಂದಿಗೆ ನೆಟ್ಟಗೆ ಪಗಾರ ಇಲ್ಲ. ದೀಪಾವಳಿ ಸಂಚಿಕೆಗೆ ಜಾಹೀರಾತು ತಂದರೆ ಕಮಿಷನ್ ಸಿಗುತ್ತದೆ. ಜಾಹೀರಾತು ಕೊಡೋರು ಯಾರು? ಅಡತಿ ಅಂಗಡಿಯವರು, ಗೊಬ್ಬರದ ಅಂಗಡಿಯವರು, ಗುತ್ತಿಗೆದಾರರು, ಚುನಾವಣೆಗೆ ನಿಲ್ಲುವವರು. ಅವರ ಮನೆ ಚಹಾ ಕುಡಿದು ಬಂದವನು ಅವರ ಹೊಲದ ಕೂಲಿಯ ಬಗ್ಗೆ ಹೆಂಗ ಬರೀತಾನ? ದುಡ್ಡು ಎಲ್ಲಿಂದ ಬರುತ್ತದೋ ಬಾಯಿ ಅಲ್ಲಿಗೆ ಕಟ್ಟಿರುತ್ತದೆ.

ಇದು ಬಾಬಾಸಾಹೇಬರಿಗೆ ಗೊತ್ತಿತ್ತು. 1920ರ ಜನವರಿ 31ರಂದು ಅವರು 'ಮೂಕನಾಯಕ' ಹೊರಡಿಸಿದರು. ಕೊಲ್ಹಾಪುರದ ಶಾಹು ಮಹಾರಾಜರು 2,500 ರೂಪಾಯಿ ಕೊಟ್ಟರು. ಪತ್ರಿಕೆ ಬರುತ್ತದೆಂಬ ಜಾಹೀರಾತನ್ನು ದುಡ್ಡು ಕೊಟ್ಟರೂ 'ಕೇಸರಿ' ಹಾಕಲಿಲ್ಲ. ಆಗ ಬಾಬಾಸಾಹೇಬರು ಮುಂಬಯಿಯ ಸರಕಾರಿ ಕಾಲೇಜಿನಲ್ಲಿ ಪ್ರೊಫೆಸರ್. ಅದಕ್ಕೆ ಸಂಪಾದಕ ಎಂದು ಪಾಂಡುರಂಗ ನಂದರಾಮ ಭಟಕರ್ ಅವರ ಹೆಸರು ಹಾಕಿದರು. ಬಾಬಾಸಾಹೇಬರು ಓದಲು ಲಂಡನ್ನಿಗೆ ಹೋದರು, 'ಮೂಕನಾಯಕ' 1923ರ ಹೊತ್ತಿಗೆ ನಿಂತಿತು. 1927ರಲ್ಲಿ 'ಬಹಿಷ್ಕೃತ ಭಾರತ' ತಂದರು. ಅದೂ 1929ರಲ್ಲಿ ದುಡ್ಡಿಲ್ಲದೆ ನಿಂತಿತು. 1930ರಲ್ಲಿ 'ಜನತಾ' ತಂದರು. ಅದೇ 1956ರಲ್ಲಿ 'ಪ್ರಬುದ್ಧ ಭಾರತ' ಆಯಿತು. ನಿಂತಿತು, ಮತ್ತೆ ತಂದರು. ಅದೇ 1929ರಲ್ಲಿ ನಮ್ಮ ಧಾರವಾಡದಲ್ಲಿ ದಲಿತ ಹುಡುಗರಿಗೆ ಹಾಸ್ಟೆಲನ್ನೂ ಮಾಡಿದರು. ಹಾಸ್ಟೆಲೂ ಪತ್ರಿಕೆಯೂ ಅವರಿಗೆ ಒಂದೇ ಕೆಲಸದ ಎರಡು ಕೈ.

ನಮ್ಮ ನಾಡಿನಲ್ಲೂ ಇದು ನಡೆದಿದೆ. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ಗಲಾಟೆ ಎದ್ದು ದಲಿತ ಹುಡುಗರು ಹೊಡೆತ ತಿಂದರು. ಆ ಕಾಲದ ಸಿಟ್ಟಿನಲ್ಲೇ ಮೈಸೂರಿನಲ್ಲಿ ದೇವನೂರ ಮಹಾದೇವ, ಇಂದೂಧರ ಹೊನ್ನಾಪುರ ಮೊದಲಾದ ಯುವಕರು 'ಪಂಚಮ' ತಂದರು. ಲಂಕೇಶರು 1980ರಲ್ಲಿ ಶುರು ಮಾಡಿದ ವಾರಪತ್ರಿಕೆ ಜಾಹೀರಾತು ಮುಟ್ಟದೆ ಓದುಗರ ದುಡ್ಡಿನಲ್ಲೇ ನಡೆಯಿತು. ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಿಂದ 'ಮುಂಗಾರು' ದಿನಪತ್ರಿಕೆಯನ್ನು ಓದುಗರಿಂದಲೇ ಷೇರು ಕೂಡಿಸಿ ತಂದರು. ಆದರೆ ದಿನಪತ್ರಿಕೆಯ ಖರ್ಚು ಆನೆ ಸಾಕಿದ ಹಾಗೆ. ಅದು ಬಹುಕಾಲ ಉಳಿಯಲಿಲ್ಲ. 2002ರಲ್ಲಿ ಉತ್ತರ ಪ್ರದೇಶದ ಚಿತ್ರಕೂಟದಲ್ಲಿ ಹಳ್ಳಿಯ ಹೆಣ್ಣುಮಕ್ಕಳು, ಬಹುಪಾಲು ದಲಿತರು, 'ಖಬರ್ ಲಹರಿಯಾ' ಶುರು ಮಾಡಿದರು. ತಮ್ಮ ಬುಂದೇಲಿ ಮಾತಿನಲ್ಲೇ ಬರೆದರು, ಊರೂರಿಗೆ ತಾವೇ ಒಯ್ದು ಮಾರಿದರು. ಈಗ ಅವರು ಮೊಬೈಲಿನಲ್ಲಿ ಸುದ್ದಿ ಕೊಡುತ್ತಾರೆ. ಅಷ್ಟು ಗಟ್ಟಿ ಠಾಕೂರರ ಸೀಮೆಯಲ್ಲಿ ಅವರು ಮಾಡಿದ್ದು ಇಲ್ಲಿ ಯಾಕ ಆಗಬಾರದು?

ಈಗ ದುಡ್ಡಿನ ಮಾತು. ನಾಲ್ಕು ಪುಟದ ತಿಂಗಳ ಪತ್ರಿಕೆ ಸಾಕು. ಒಂದು ಸಂಚಿಕೆಗೆ 2,000 ರೂಪಾಯಿ ಬೀಳುತ್ತದೆ ಅಂತ ಹಿಡಿಯಿರಿ. ತಾಲೂಕಿಗೆ 10 ಮಂದಿಯಂತೆ 40 ಮಂದಿ ತಿಂಗಳಿಗೆ 50 ರೂಪಾಯಿ ಕೊಟ್ಟರೆ ಲೆಕ್ಕ ಮುಗಿಯಿತು. ನೌಕರಿಯಲ್ಲಿರುವ ನಮ್ಮವರು ಕೊಡಲಿ, ಕೂಲಿ ಮಾಡುವ ಅಪ್ಪ ಅವ್ವಂದಿರಿಂದ ಕೇಳಬಾರದು. ಒಬ್ಬನೇ 2,000 ಕೊಡ್ತೀನಿ ಅಂತ ಬಂದರೆ ಕೈ ಮುಗಿದು ಬೇಡ ಅನ್ನಿ. ಅವನು ನಮ್ಮ ಜಾತಿಯ ಮುಖಂಡನಾದರೂ ಅಷ್ಟೆ. ಪ್ರತಿ ಸಂಚಿಕೆಯಲ್ಲಿ ಜಮಾ ಖರ್ಚು ಅಚ್ಚಾಗಬೇಕು.

ಹೆಸರಿನ ಮಾತು ಇದಕ್ಕಿಂತ ಬಿರಿ. 1867ರ ಹಳೆ ಕಾಯ್ದೆ ಹೋಗಿ, 2023ರ ಹೊಸ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಪತ್ರಿಕೆಯ ಹೆಸರಿಗೂ ನೋಂದಣಿಗೂ ಅರ್ಜಿ ಆನ್‌ಲೈನಿನಲ್ಲೇ ಹಾಕಬೇಕು. ಮಾಲೀಕ, ಸಂಪಾದಕ ಯಾರೆಂದು ಹೇಳಲೇಬೇಕು. ಹೆಸರು ಬಂದ ಮರುದಿನ ಊರಲ್ಲಿ ಏನಾಗತೈತಿ ನಿಮಗೆ ಗೊತ್ತು. ಹುಡುಗನನ್ನು ಯಾರೂ ಮುಟ್ಟೋದಿಲ್ಲ. ಅವನ ಅವ್ವನಿಗೆ 'ನಾಳೆಯಿಂದ ಕೆಲಸಕ್ಕ ಬರಬ್ಯಾಡ' ಅಂತಾರ. ಕಿರಾಣಿ ಅಂಗಡಿಯಲ್ಲಿ ಉದ್ರಿ ನಿಲ್ಲುತ್ತದೆ. ಹಿಟ್ಟಿನ ಗಿರಣಿಯಲ್ಲಿ ಜೋಳ ಬೀಸೋದಿಲ್ಲ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಗಿ, ಇಂಥ ಸಾಮಾಜಿಕ, ಆರ್ಥಿಕ ಬಹಿಷ್ಕಾರವೂ ಅಪರಾಧ ಎಂದಾಗಿದೆ. ಆದರೆ ಕಾಯ್ದೆ ಠಾಣೆ ಮುಟ್ಟುವಷ್ಟರಲ್ಲಿ ಒಲೆ ಆರಿರುತ್ತದೆ. ಅದಕ್ಕೆ ಊರಿನ ಹೊಲವನ್ನೇ ನಂಬಿದ ಮನೆಯ ಹುಡುಗ ಹುಡುಗಿಯ ಹೆಸರನ್ನು ಸಂಪಾದಕ ಅಂತ ಹಾಕಬಾರದು. ಪಟ್ಟಣದಲ್ಲಿ ಸ್ವಂತ ದುಡಿಮೆ ಇರುವವರು ಹೆಸರು ಕೊಡಲಿ. ಸುದ್ದಿಗಳ ಕೆಳಗೆ ಒಬ್ಬರ ಹೆಸರು ಬೇಡ, ಎಲ್ಲಕ್ಕೂ 'ನಾವು' ಎಂದೇ ಇರಲಿ. ಭಟಕರ್ ಅವರ ಹೆಸರಿನಿಂದ ನಾವು ಕಲಿಯಬೇಕಾದ ಪಾಠ ಇದು.

ಇನ್ನು ಏನು ಬರೀಬೇಕು? ಘೋಷಣೆ ಬೇಡ, ಅವು ಗೋಡೆ ಮೇಲೆ ಇವೆ. ಯಾವ ಊರು, ಯಾವ ತಾರೀಖು, ಎಷ್ಟು ಮನೆ, ಎಷ್ಟು ದಿನದಿಂದ ನೀರಿಲ್ಲ, ಪಿ.ಡಿ.ಒ. ಏನೆಂದರು. ಇಬ್ಬರು ಹೇಳಿದ್ದು ತಾಳೆ ಆಗಬೇಕು. ಎದುರಿನವರನ್ನೂ ಕೇಳಿ ಅವರ ಉತ್ತರವನ್ನೂ ಹಾಕಬೇಕು. ಕಾಗದ ಬೇಕಾದರೆ 2005ರ ಮಾಹಿತಿ ಹಕ್ಕು ಇದೆ, 10 ರೂಪಾಯಿ ಫೀ, 30 ದಿನದೊಳಗೆ ಉತ್ತರ ಕೊಡಬೇಕು. ನೊಂದ ಹೆಣ್ಣುಮಗಳ ಹೆಸರು ಎಂದೂ ಬರಬಾರದು. ಒಂದು ಸುಳ್ಳು ಅಚ್ಚಾದರೆ ಮುಂದಿನ ನೂರು ನಿಜವನ್ನು ಯಾರೂ ನಂಬೋದಿಲ್ಲ, ಮೇಲೆ ಮಾನಹಾನಿ ಕೇಸು.

ಬಸವಣ್ಣನ ಫೋಟೋಕ್ಕೆ ಹಾರ ಹಾಕಿ ಕೇರಿಗೆ ಬೇರೆ ಕಪ್ಪು ಇಡುವ ಊರುಗಳಿವು. ಅಲ್ಲಿ ದೇವರನ್ನು ಬೈಯುತ್ತ ಕೂತರೆ ಮಾತು ಕಪ್ಪಿನಿಂದ ದೇವರ ಕಡೆ ಜಾರುತ್ತದೆ. ಕಪ್ಪಿನ ಮಾತನ್ನೇ ಹಿಡಿಯಿರಿ. ಬೆಳೆ ವಿಮೆ ಬಾರದ ಸಣ್ಣ ರೈತನ ಸುದ್ದಿಯನ್ನೂ ಹಾಕಿ, ಅವನೂ ಕೊಂಡು ಓದಲಿ. ನಮ್ಮೊಳಗಿನದನ್ನೂ ಬರೆಯಬೇಕು. ಹೊಲೆಯರು ಮಾದಿಗರನ್ನು ದೂರ ಇಟ್ಟರೆ, ನಮ್ಮದೇ ಮೆಂಬರ್ ಮನೆ ಹಂಚಿಕೆಯಲ್ಲಿ ದುಡ್ಡು ತಿಂದರೆ, ಅದೂ ಅಚ್ಚಾಗಬೇಕು.

'ಎಲ್ಲರ ಕೈಯಾಗ ಮೊಬೈಲ್ ಐತಿ, ಕಾಗದ ಯಾಕ?' ಅಂತ ಕೇಳ್ತೀರಿ. ಮೊಬೈಲ್ ಇರಲಿ, ಫೋಟೋ ತೆಗೆಯಿರಿ. ಆದರೆ ವಾಟ್ಸಾಪ್ ಸುದ್ದಿ ಸಂಜೆಯೊಳಗೆ ನೂರು ಸುದ್ದಿಯ ಕೆಳಗೆ ಹೋಗುತ್ತದೆ. ತಾರೀಖು ಹಾಕಿದ ಕಾಗದವನ್ನು ತಹಶೀಲ್ದಾರರ ಟೇಬಲ್ಲಿನ ಮೇಲೆ ಇಡಬಹುದು. ಕೇರಿಯ ಕಟ್ಟೆಯ ಮೇಲೆ ಕೂತು, ಓದಲು ಬಾರದ ಅಜ್ಜಿಗೆ ಓದಿ ಹೇಳಬಹುದು. ಅದಕ್ಕೇ ಪತ್ರಿಕೆ ನಮ್ಮ ಅವ್ವ ಆಡುವ ಮಾತಿನಲ್ಲಿರಬೇಕು.

ಇವತ್ತೇ ಅಚ್ಚಿಗೆ ಓಡಬೇಕಿಲ್ಲ. ಮೊದಲು ಪ್ರತಿ ಹಾಸ್ಟೆಲಿನಲ್ಲಿ ಗೋಡೆ ಪತ್ರಿಕೆ ಬರಲಿ. ಮೊದಲ ಸುದ್ದಿ ನಿಮ್ಮ ಹಾಸ್ಟೆಲಿನ ಊಟದ್ದೇ ಇರಲಿ: ಪಟ್ಟಿಯಲ್ಲಿ ಏನಿದೆ, ತಾಟಿನಲ್ಲಿ ಏನು ಬಿತ್ತು. ಮೂರು ತಿಂಗಳು ತಪ್ಪದೆ ಬರೆದವರೇ ಪತ್ರಿಕೆ ನಡೆಸುವವರು. ತಾಲೂಕಿಗೆ ಇಬ್ಬರು, ಅದರಲ್ಲಿ ಒಬ್ಬಳು ಹುಡುಗಿ, ಈ ಸಭೆ ಮುಗಿಯುವುದರೊಳಗೆ ಹೆಸರು ಕೊಡಿ. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ನಿಮ್ಮ ಊರಿನ ಒಂದು ಸುದ್ದಿಯನ್ನು ತಾರೀಖಿನ ಸಮೇತ ಬರೆದು ತನ್ನಿ.

ಜೈ ಭೀಮ್.