ಕೈಟ್ ಅದೇ, ಕೆಳಗೆ ನೀರಿಲ್ಲ

ಕೈಟ್‌ಬೋರ್ಡಿಂಗ್ ಎಪಿಸೋಡ್ ಕೇಳಿದ ಮೇಲೆ ಜರ್ಮನಿಯಲ್ಲಿ ಕೆಲಸ ಮಾಡೋ ಕನ್ನಡಿಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. ಬೇಸಿಗೆಯಲ್ಲಿ ಸಮುದ್ರದಲ್ಲಿ ಕೈಟ್ ಮಾಡ್ತಾರೆ, ಚಳಿ ಬಂತು ಅಂದ್ರೆ ಕೈಟ್ ಬ್ಯಾಗು ಮಂಚದ ಕೆಳಗೆ. "ಈ ಸಲ ಸ್ನೋಕೈಟಿಂಗ್ ಶುರು ಮಾಡ್ಲಾ? ಕೈಟ್ ಹಾರಿಸೋಕೆ ಬರತ್ತೆ. ನೀರಿನ ಬದಲು ಹಿಮ, ಅಷ್ಟೇ ತಾನೇ?" ಅಂತ ಕೇಳಿದ್ದಾರೆ. ಇವತ್ತಿನ ಮಾತೆಲ್ಲ ಆ 'ಅಷ್ಟೇ ತಾನೇ' ಬಗ್ಗೆ.

ಹೊಸಬರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಸೊಂಟದ ಹಾರ್ನೆಸ್‌ಗೆ ದೊಡ್ಡ ಕೈಟ್ ಸಿಕ್ಕಿಸಿ, ಕಾಲಿಗೆ ಬೋರ್ಡ್ ಹಾಕಿ, ಗಾಳಿಯ ಸೆಳೆತದಲ್ಲಿ ನೀರಿನ ಮೇಲೆ ಜಾರೋದು ಕೈಟ್‌ಬೋರ್ಡಿಂಗ್. ಕಾಲಿಗೆ ಸ್ಕೀ ಅಥವಾ ಸ್ನೋಬೋರ್ಡ್ ಹಾಕಿ ಅದನ್ನೇ ಹಿಮದ ಮೇಲೆ ಮಾಡಿದ್ರೆ ಸ್ನೋಕೈಟಿಂಗ್. ಐಡಿಯಾ ಏನೂ ಹೊಸದಲ್ಲ. 1888ರಲ್ಲಿ ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಗ್ರೀನ್‌ಲ್ಯಾಂಡ್ ದಾಟುವಾಗ ಜಾರುಬಂಡಿಗೆ ಹಾಯಿ ಕಟ್ಟಿದ್ರು.

ನಾನು ಕೈಟ್ ಕಲಿತಿದ್ದು ರಾಮೇಶ್ವರಂನಲ್ಲಿ, ಬೆಚ್ಚಗಿನ ನೀರಲ್ಲಿ. ಸ್ನೋಕೈಟಿಂಗ್ ಕಲಿಯೋಕೆ ಮೂರು ದಿನ ಹೋಗಿದ್ದು ಸ್ವಿಟ್ಜರ್ಲೆಂಡ್‌ನ ಸಿಲ್ವಾಪ್ಲಾನಾಕ್ಕೆ. ಆ ಊರನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಎಂಗಡೀನ್ ಕಣಿವೆಯಲ್ಲಿ ಸುಮಾರು 1800 ಮೀಟರ್ ಎತ್ತರದಲ್ಲಿರೋ ಆ ಸರೋವರ ಬೇಸಿಗೆಯಲ್ಲಿ ಕೈಟ್‌ಬೋರ್ಡರ್‌ಗಳದ್ದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಸ್ನೋಕೈಟರ್‌ಗಳದ್ದು. ಬೇಸಿಗೆಯ ಮಧ್ಯಾಹ್ನ ಅಲ್ಲಿ ಮಲೋಯಾ ಅನ್ನೋ ಗಾಳಿ ಬೀಸತ್ತೆ. ಚಳಿಗಾಲದಲ್ಲಿ ಅದನ್ನ ನೆಚ್ಚೋ ಹಾಗಿಲ್ಲ, ದಿನಾ ಗಾಳಿ ನೋಡ್ಕೊಂಡೇ ಹೊರಡಬೇಕು.

ಈಗ ಅಸಲು ವಿಷಯ. ಕೈಟ್‌ಬೋರ್ಡರ್‌ಗೆ ಗೊತ್ತೇ ಆಗದ ಹಾಗೆ ನೀರು ಎರಡು ಕೆಲಸ ಮಾಡ್ತಿರತ್ತೆ. ಬ್ರೇಕೂ ಅದೇ, ಹಾಸಿಗೆಯೂ ಅದೇ. ಸೆಳೆತ ಜಾಸ್ತಿ ಆಯ್ತಾ, ಬಾರ್ ಬಿಟ್ಟು ನೀರಲ್ಲಿ ಕೂತ್ರೆ ನೀರೇ ನಮ್ಮನ್ನ ಹಿಡಿಯತ್ತೆ. ಹಿಮ ಹಿಡಿಯಲ್ಲ. ಬಿದ್ದ ಮೇಲೂ ಕೈಟ್ ಗಾಳಿ ತುಂಬಿಕೊಂಡೇ ಇದ್ರೆ, ಮೈ ಜಾರ್ತಾನೇ ಹೋಗತ್ತೆ, ಗಟ್ಟಿ ಮಂಜುಗಡ್ಡೆ ಆದ್ರಂತೂ ಇನ್ನೂ ಜೋರಾಗಿ. ಸಮುದ್ರದಲ್ಲಿ ಕ್ವಿಕ್ ರಿಲೀಸ್ ಎಳೆಯೋಕೆ ಮುಂಚೆ ಒಂದೆರಡು ಸೆಕೆಂಡು ಯೋಚಿಸೋ ಅಭ್ಯಾಸ ಇರತ್ತಲ್ಲ, ಅದನ್ನ ದಡದಲ್ಲೇ ಬಿಟ್ಟು ಬರಬೇಕು. ಗ್ಲೌಸ್ ಹಾಕ್ಕೊಂಡೇ ರಿಲೀಸ್ ಎಳೆದು ಪ್ರಾಕ್ಟೀಸ್ ಮಾಡಿ. ದಪ್ಪ ಗ್ಲೌಸ್‌ನಲ್ಲಿ ಅದು ಕೈಗೆ ಸಿಗೋ ರೀತಿಯೇ ಬೇರೆ.

ಘರ್ಷಣೆ ಕಡಿಮೆ ಅಂದ್ಮೇಲೆ ಕೈಟ್ ಕೂಡ ಚಿಕ್ಕದೇ ಸಾಕು. ಸಮುದ್ರದಲ್ಲಿ 12 ಚದರ ಮೀಟರ್ ಕೈಟ್ ಬೇಕಾಗೋ ಗಾಳಿಗೆ ಇಲ್ಲಿ 7 ಅಥವಾ 8 ಹಿಡಿದು ಶುರು ಮಾಡೋದು ಜಾಣತನ. "ತಣ್ಣನೆ ಗಾಳಿ ಭಾರ, ಅದಕ್ಕೇ ಹೆಚ್ಚು ಎಳೆಯತ್ತೆ" ಅಂತ ಎಲ್ಲರೂ ಹೇಳ್ತಾರೆ. ಬಿಕಾಂ ತಲೆ, ಲೆಕ್ಕ ಹಾಕದೆ ನಂಬಲ್ಲ. ಒಂದೇ ಎತ್ತರದಲ್ಲಾದ್ರೆ, ಮೈನಸ್ 10 ಡಿಗ್ರಿಯ ಗಾಳಿ 30 ಡಿಗ್ರಿಯ ಗಾಳಿಗಿಂತ ಸುಮಾರು 15% ಭಾರ, ಸರಿ. ಆದ್ರೆ 1800 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು 20% ಕಡಿಮೆ. ಕೂಡಿ ಕಳೆದ್ರೆ ಸಿಲ್ವಾಪ್ಲಾನಾದ ಗಾಳಿ ರಾಮೇಶ್ವರಂ ಗಾಳಿಗಿಂತ ಒಂಚೂರು ಹಗುರವೇ! ಭಯ ಪಡಬೇಕಾದ್ದು ಬೀಸುಗಾಳಿಗೆ. ವೇಗ 20% ಏರಿದ್ರೆ ಸೆಳೆತ 44% ಏರತ್ತೆ, ಬೆಟ್ಟಗಳ ನಡುವೆ ಹಾಗೆ ದಿಢೀರ್ ಏರೋದು ಮಾಮೂಲು.

ಇನ್ನು ಸಾಮಾನು. ಸಮುದ್ರದ ಗಾಳಿ ತುಂಬೋ ಕೈಟ್ ಹಿಮದಲ್ಲೂ ನಡೆಯತ್ತೆ, ಆದ್ರೆ ಚಳಿಯಲ್ಲಿ ಪಂಪ್ ಹೊಡೆಯೋದು ಯಾರಿಗೆ ಬೇಕು. ಪ್ಯಾರಾಗ್ಲೈಡರ್ ಥರದ ಫಾಯಿಲ್ ಕೈಟ್‌ಗೆ ಪಂಪೇ ಬೇಡ, ಮಡಚಿದ್ರೆ ಬೆನ್ನಿನ ಬ್ಯಾಗಲ್ಲಿ ಕೂರತ್ತೆ. ಬೋರ್ಡ್ ಅಭ್ಯಾಸ ಇದೆ ಅಂತ ಸ್ನೋಬೋರ್ಡ್‌ಗೆ ಆಸೆ ಆಗೋದು ಸಹಜ. ನನ್ನ ಮಾತು ಕೇಳಿದ್ರೆ ಮೊದಲು ಸ್ಕೀ. ಗಾಳಿ ನಿಂತ್ರೂ ಎರಡು ಕಾಲಲ್ಲಿ ನಿಂತಿರಬಹುದು, ನಡೆಯಬಹುದು.

ನಡೆಯೋದು ಅಂದೆ ನೋಡಿ, ಅದು ಸುಮ್ಮನೆ ಹೇಳಿದ್ದಲ್ಲ. 2010ರಲ್ಲಿ ಸೆಬಾಸ್ಟಿಯನ್ ಕೋಪ್‌ಲ್ಯಾಂಡ್ ಮತ್ತು ಎರಿಕ್ ಮೆಕ್‌ನೇರ್-ಲ್ಯಾಂಡ್ರಿ ಗ್ರೀನ್‌ಲ್ಯಾಂಡ್‌ನಲ್ಲಿ ಕೈಟ್ ಹಿಡಿದು 24 ಗಂಟೆಯಲ್ಲಿ 595 ಕಿಲೋಮೀಟರ್ ಹೋದ್ರು. ಅವರು ತಯಾರಿ ಮಾಡ್ಕೊಂಡು ಹೋದವರು. ನಮ್ಮಂಥವರು ಅರ್ಧ ಗಂಟೆಯಲ್ಲಿ ಹತ್ತು ಕಿಲೋಮೀಟರ್ ಹೋಗಿರ್ತೀವಿ, ಅಷ್ಟರಲ್ಲಿ ಗಾಳಿ ಸತ್ತೋಗತ್ತೆ. ಇಲ್ಲಾಂದ್ರೆ ಮೋಡ ಇಳಿದು ಆಕಾಶ ನೆಲ ಎರಡೂ ಒಂದೇ ಬಿಳಿ ಆಗತ್ತೆ, ಕೈಟ್ ಕೂಡ ಕಾಣಲ್ಲ. ಬೆವರಿದ ಬಟ್ಟೆಯಲ್ಲಿ, ಮೈನಸ್ ಡಿಗ್ರಿಯಲ್ಲಿ, ಹತ್ತು ಕಿಲೋಮೀಟರ್ ವಾಪಸ್ ನಡಿಗೆ. ಕೆಲವೇ ತಾಸಲ್ಲಿ ಕತ್ತಲಾಗೋ ದಿನಗಳು ಬೇರೆ. ಅದಕ್ಕೇ ಮೊದಲ ಸೀಸನ್ ಪೂರ್ತಿ ಊರ ಪಕ್ಕದ ಸಮತಟ್ಟಾದ ಸರೋವರದಲ್ಲೇ ಇರಿ.

ಮಂಜುಗಡ್ಡೆ ಎಷ್ಟು ಗಟ್ಟಿ ಅಂತ ಅಲ್ಲಿಯವರನ್ನೇ ಕೇಳಿ. ಹತ್ತಿರದ ಬರ್ನೀನಾ ಪಾಸ್‌ನ ಲಾಗೋ ಬಿಯಾಂಕೋ ಕೂಡ ಸ್ನೋಕೈಟಿಂಗ್‌ಗೆ ಹೆಸರಾದ ಜಾಗ, ಪಕ್ಕದಲ್ಲೇ ಕೆಂಪು ರೈಲು ಹೋಗತ್ತೆ, ಫೋಟೋಗೆ ಸೂಪರ್. ಆದ್ರೆ ಅದು ವಿದ್ಯುತ್ತಿಗಾಗಿ ಕಟ್ಟಿದ ಜಲಾಶಯ. ನೀರಿನ ಮಟ್ಟ ಇಳಿದ್ರೆ ದಂಡೆ ಹತ್ತಿರ ಮಂಜುಗಡ್ಡೆ ಬಿರುಕು ಬಿಡಬಹುದು.

ಕೈಟ್ ಹಿಡಿದು ಬೆಟ್ಟ ಹತ್ತೋ ಮಜಾ ಇದೆಯಲ್ಲ, ಲಿಫ್ಟ್ ಟಿಕೆಟ್ ಇಲ್ದೆ ಮೇಲೆ ಹೋಗೋದು, ಅದು ನೀರಲ್ಲಿ ಸಿಗೋದೇ ಇಲ್ಲ. ಆದ್ರೆ 30 ಡಿಗ್ರಿಗಿಂತ ಕಡಿದಾದ ಇಳಿಜಾರು ಅಂದ್ರೆ ಹಿಮಕುಸಿತದ ಜಾಗ. ಆ ದಿನದ ಹಿಮಕುಸಿತ ಬುಲೆಟಿನ್ ನೋಡಿ, ಟ್ರಾನ್ಸೀವರ್, ಸಲಿಕೆ, ಹಿಮಕ್ಕೆ ಚುಚ್ಚಿ ಹುಡುಕೋ ಪ್ರೋಬ್ ಜೊತೆಗಿಟ್ಟು, ಅವನ್ನ ಬಳಸೋಕೆ ಬರೋರ ಜೊತೆ ಮಾತ್ರ ಹೋಗಿ.

ಮೆಸೇಜ್ ಕಳಿಸಿದ ಗೆಳೆಯರೇ, ಶುರು ಮಾಡಿ, ಖಂಡಿತ ಮಾಡಿ. ಹಾರ್ನೆಸ್ ನಿಮ್ಮದೇ ನಡೆಯತ್ತೆ. ಹೆಲ್ಮೆಟ್ ಕೊಂಡ್ಕೊಳ್ಳಿ, ಕೈಟು, ಸ್ಕೀ ಎರಡೂ ಬಾಡಿಗೆಗೆ ತಗೊಳ್ಳಿ, ಎರಡು ದಿನದ ಕ್ಲಾಸ್ ದುಡ್ಡು ಉಳಿಸೋಕೆ ಹೋಗ್ಬೇಡಿ. ಮೊದಲ ದಿನ ಮುಗಿದ ಮೇಲೆ ಇನ್ನೊಂದು ವಾಯ್ಸ್ ಮೆಸೇಜ್ ಕಳಿಸಿ, ಇಲ್ಲೇ ಹಾಕ್ತೀನಿ.