ಆಪತ್ಕಾಲಕ್ಕೆ ಒಂದು ಹಗೇವು

(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾಡಹಬ್ಬದ ದಿನ ನಾಡು-ನುಡಿಗಳ ಹಿರಿಮೆಯನ್ನು ಹಾಡುವುದು ಬಿಟ್ಟು ಆಸ್ಪತ್ರೆ, ಔಷಧ, ವಿಮೆಗಳ ಮಾತನ್ನು ಎತ್ತಿಕೊಂಡುದಕ್ಕೆ ಮೊದಲು ತಮ್ಮ ಕ್ಷಮೆ ಬೇಡುತ್ತೇವೆ. ಆದರೆ ನಾಡಿನ ಅಭಿಮಾನವೆಂದರೆ ನಾಡಿನವರ ಕ್ಷೇಮಚಿಂತನೆಯೂ ಹೌದಷ್ಟೆ. ಊರಿನಲ್ಲಿ ಮನೆಯವರೊಬ್ಬರು ಹಾಸಿಗೆ ಹಿಡಿದರೆ ಕೇರಿಯೇ ಬಾಗಿಲಿಗೆ ಬರುತ್ತಿತ್ತು. ಒಬ್ಬರು ಗಾಡಿ ಹೂಡುತ್ತಿದ್ದರು, ಇನ್ನೊಬ್ಬರು ಗಂಜಿ ಕಾಯಿಸಿ ತರುತ್ತಿದ್ದರು, ಮತ್ತೊಬ್ಬರು ಕೇಳುವ ಮೊದಲೇ ಕೈಗಡ ಕೊಡುತ್ತಿದ್ದರು. ಹೊಟ್ಟೆಪಾಡಿಗಾಗಿ ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಿಗೆ ಬಂದು ನೆಲಸಿದ ನಮಗೆ ಆ ಕೇರಿ ನೂರಾರು ಮೈಲಿ ದೂರ ಉಳಿಯಿತು. ಅದು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನಾವೇ ಮುಂದಾಗಿ ಏರ್ಪಡಿಸಿಕೊಳ್ಳಬೇಕು. ಇಂದಿನ ನಮ್ಮ ಅರಿಕೆ ಇಷ್ಟೇ.

ಆಪತ್ತು ನಮಗೆ ಹೊಸದಲ್ಲ. 2005ರ ಜುಲೈ 26ರಂದು ಸಾಂತಾಕ್ರೂಝದಲ್ಲಿ ಇಪ್ಪತ್ತನಾಲ್ಕು ತಾಸಿನೊಳಗೆ 944 ಮಿಲಿಮೀಟರ್ ಮಳೆ ಸುರಿಯಿತು. ಲೋಕಲ್ ಗಾಡಿಗಳು ನಿಂತುವು. ಬೆಳಿಗ್ಗೆ ಕಚೇರಿಗೆ ಹೋದವರು ಎದೆಮಟ್ಟದ ನೀರಿನಲ್ಲಿ ನಡೆದು ಮರುದಿನ ಮನೆ ಸೇರಿದರು. ನೀರು ಇಳಿದ ಮೇಲೆ ಇಲಿಜ್ವರ ಏರಿತು. 2016ರ ಮೇ 26ರಂದು ಡೊಂಬಿವಲಿಯ ಕೈಗಾರಿಕಾ ವಸಾಹತಿನಲ್ಲಿ ರಾಸಾಯನಿಕ ಕಾರ್ಖಾನೆಯೊಂದು ಸ್ಫೋಟಿಸಿ ಹನ್ನೆರಡು ಜನ ಸತ್ತರು. ದೂರದ ಮನೆಗಳ ಕಿಟಕಿಯ ಗಾಜುಗಳೂ ಚೂರಾದುವು. 2024ರ ಮೇ 23ರಂದು ಅದೇ ವಸಾಹತಿನಲ್ಲಿ ಮತ್ತೊಂದು ಸ್ಫೋಟವಾಯಿತು. 2019ರ ಜುಲೈನಲ್ಲಿ, ನಿಪ್ಪಾಣಿ-ಚಿಕ್ಕೋಡಿಯ ಕಡೆಗೆ ಹೋಗುವ ನಮ್ಮವರಿಗೆ ಚಿರಪರಿಚಿತವಾದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ-ವಾಂಗಣಿಗಳ ನಡುವೆ ನೆರೆಯಲ್ಲಿ ಸಿಕ್ಕಿಬಿದ್ದು, ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಪಾರುಮಾಡಬೇಕಾಯಿತು. ಅವರಲ್ಲಿ ಒಂಬತ್ತು ಮಂದಿ ಗರ್ಭಿಣಿಯರಿದ್ದರು. ಇನ್ನು 2020 ಮತ್ತು 2021ರ ಕೊರೋನಾವನ್ನು ನೆನಪಿಸಬೇಕಾದ ಅಗತ್ಯವೇ ಇಲ್ಲ.

ಇವುಗಳಿಂದ ಕಲಿಯುವ ಮೊದಲ ಪಾಠವೆಂದರೆ, ಆಪತ್ತು ಬಂದಾಗ ದಾರಿ ಮುಚ್ಚುತ್ತದೆ. ಮುಂಬಯಿಯ ದೊಡ್ಡ ಆಸ್ಪತ್ರೆಯನ್ನು ನಂಬಿ ಕುಳಿತರೆ ಗಾಡಿಯೇ ನಿಂತಿರುತ್ತದೆ. ಆದುದರಿಂದ ಹತ್ತಿರದ ಬಾಗಿಲು ಯಾವುದೆಂದು ಮನೆಯ ಮಕ್ಕಳಿಗೂ ತಿಳಿದಿರಬೇಕು. ಕಳವೆಯ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ, ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆ, ಕಲ್ಯಾಣದ ರುಕ್ಮಿಣಿಬಾಯಿ ಆಸ್ಪತ್ರೆ, ವಾಶಿಯ ಮಹಾನಗರಪಾಲಿಕೆಯ ಆಸ್ಪತ್ರೆ ಇವು ನಮ್ಮ ತೆರಿಗೆಯಿಂದಲೇ ನಡೆಯುವ ಸಾರ್ವಜನಿಕ ಆಸ್ಪತ್ರೆಗಳು. ಆಂಬ್ಯುಲೆನ್ಸಿಗೆ 108ನ್ನು ಕರೆಯಬೇಕು. ಸ್ಫೋಟದ ಸದ್ದು ಕೇಳಿದರೆ ನೋಡುವ ಆಸೆಯಿಂದ ಕಿಟಕಿಗೆ ಓಡದೆ ಗಾಜಿನಿಂದ ದೂರ ಸರಿಯಬೇಕು. ನೆರೆನೀರಿನಲ್ಲಿ ನಡೆದುಬಂದವರು, ಅದರಲ್ಲಿಯೂ ಕಾಲಿಗೆ ಗಾಯವಾದವರು, ಜ್ವರ ಬರುವವರೆಗೆ ಕಾಯದೆ ವೈದ್ಯರನ್ನು ಕಾಣಬೇಕು.

ಎರಡನೆಯದು ಒಂದು ಕೈಚೀಲ. ಮಳೆಗಾಲಕ್ಕೆ ಮೊದಲೇ ಸೌದೆ ಒಟ್ಟಿ, ಹಪ್ಪಳ-ಸಂಡಿಗೆ ಒಣಗಿಸಿಡುತ್ತಿದ್ದ ತಾಯಂದಿರ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದು ವಾರಕ್ಕಾಗುವಷ್ಟು ನಿತ್ಯದ ಮಾತ್ರೆಗಳು, ವೈದ್ಯರ ಚೀಟಿಗಳ ಪ್ರತಿ, ಆಧಾರ್ ಮತ್ತು ರೇಶನ್ ಕಾರ್ಡುಗಳ ಪ್ರತಿ, ವಿಮಾಪತ್ರದ ಸಂಖ್ಯೆ, ಒಂದು ಟಾರ್ಚು, ಸ್ವಲ್ಪ ನಗದು ಹಣ. ಇಷ್ಟನ್ನು ನೀರು ತಾಗದಂತೆ ಕಟ್ಟಿ ಎತ್ತರದಲ್ಲಿಡಬೇಕು. ಮನೆಯ ಪ್ರತಿಯೊಬ್ಬರ ರಕ್ತದ ಗುಂಪು, ಇರುವ ಕಾಯಿಲೆ, ಆಗಿಬರದ ಔಷಧ ಇವನ್ನು ಒಂದು ಹಾಳೆಯಲ್ಲಿ ಬರೆದಿಡಿ. ಕನ್ನಡಾಭಿಮಾನಿಗಳು ಮುನಿಯಬಾರದು, ಈ ಒಂದು ಹಾಳೆಯನ್ನು ಮಾತ್ರ ಇಲ್ಲಿಯ ವೈದ್ಯರು ಓದಬಲ್ಲಂತೆ ಮರಾಠಿಯಲ್ಲಿ ಇಲ್ಲವೆ ಇಂಗ್ಲಿಷಿನಲ್ಲಿಯೂ ಬರೆಯಬೇಕು.

ಮೂರನೆಯದು ಹಣ. ನಮ್ಮ ಬಳಗದ ಹಿರಿಯರೊಬ್ಬರ ಕಥೆಯನ್ನು ಅವರ ಒಪ್ಪಿಗೆಯಿಂದಲೇ ಹೇಳುತ್ತೇವೆ. ಮೂವತ್ತು ವರ್ಷ ದುಡಿದ ಕಂಪನಿಯ ವಿಮೆ ಇದೆಯೆಂಬ ಧೈರ್ಯದಲ್ಲಿ ಅವರು ಬೇರೆ ವಿಮೆ ಮಾಡಿಸಲಿಲ್ಲ. ನಿವೃತ್ತಿಯ ದಿನ ಹಾರ-ತುರಾಯಿಗಳೊಡನೆ ಆ ವಿಮೆಯೂ ಮುಗಿಯಿತೆಂಬುದು ಅವರ ಲಕ್ಷ್ಯಕ್ಕೆ ಬರಲಿಲ್ಲ. 2021ರ ಏಪ್ರಿಲಿನಲ್ಲಿ ಹದಿನೇಳು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದರು. ಆದರೆ ಮುದಿತನದಲ್ಲಿ ಊರಿಗೆ ಮರಳಿ ಮನೆ ಕಟ್ಟಬೇಕೆಂದು ಧಾರವಾಡದಲ್ಲಿ ಕೊಂಡಿದ್ದ ನಿವೇಶನ ಬೇರೆಯವರ ಪಾಲಾಯಿತು. "ಜೀವ ಉಳೀತು, ಊರು ಹೋತು" ಎಂದು ಅವರು ನಗುತ್ತಲೇ ಹೇಳಿದರು. ಕೇಳಿದ ನಮಗೆ ನಗು ಬರಲಿಲ್ಲ. ಪರರ ಮಾತೇಕೆ? ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ವಿಮಾಪತ್ರವಿತ್ತು. ಅದು ಯಾವ ಪೆಟ್ಟಿಗೆಯಲ್ಲಿದೆಯೆಂಬುದು ಮಾತ್ರ ಮನೆಯವರಾರಿಗೂ ತಿಳಿದಿರಲಿಲ್ಲ!

ಆರೋಗ್ಯವಿಮೆಯೆಂದರೆ ಹಣ ನೀರಿಗೆ ಹಾಕಿದಂತೆ ಎನ್ನುವವರುಂಟು. ವಿಜಾಪುರ-ಧಾರವಾಡ ಸೀಮೆಯ ಹಿರಿಯರಿಗೆ ಹಗೇವು ಗೊತ್ತು. ಸುಗ್ಗಿಯ ಜೋಳವನ್ನು ನೆಲದೊಳಗೆ ತುಂಬಿ ಬರಗಾಲಕ್ಕೆ ಕಾಯ್ದಿಡುತ್ತಿದ್ದರು. ಈ ವರ್ಷ ಬರ ಬರಲಿಲ್ಲ, ಹಗೇವು ವ್ಯರ್ಥವಾಯಿತೆಂದು ಯಾವ ರೈತನೂ ಅಳಲಿಲ್ಲ. ವಿಮೆ ಹಲವರು ಕೂಡಿ ತುಂಬುವ ಹಗೇವು. ನಮ್ಮ ಕರ್ನಾಟಕವೇ ಇದಕ್ಕೆ ದಾರಿ ತೋರಿದ್ದುಂಟು. ಡಾ. ದೇವಿ ಶೆಟ್ಟಿಯವರ ಪ್ರೇರಣೆಯಿಂದ 2003ರಲ್ಲಿ ಕಾರ್ಯಾರಂಭ ಮಾಡಿದ ಯಶಸ್ವಿನಿ ಯೋಜನೆಯಲ್ಲಿ ಸಹಕಾರಿ ಸಂಘದ ರೈತನು ವರ್ಷಕ್ಕೆ ಅರವತ್ತು ರೂಪಾಯಿ ಕೊಟ್ಟು ಹೃದಯದ ಶಸ್ತ್ರಚಿಕಿತ್ಸೆಯನ್ನೂ ಪಡೆಯಬಹುದಾಗಿತ್ತು. 2018ರಲ್ಲಿ ನಿಂತ ಆ ಯೋಜನೆಯನ್ನು ಜನರ ಬೇಡಿಕೆಯ ಮೇರೆಗೆ 2022ರಲ್ಲಿ ಮತ್ತೆ ಜಾರಿಗೆ ತರಲಾಯಿತು. ತಿಂಗಳಿಗೆ ಐದು ರೂಪಾಯಿಯ ಹನಿಗಳು ಕೂಡಿ ಹಳ್ಳವಾದ ಬಗೆ ಇದು.

ವಿಮೆ ಮಾಡಿಸುವಾಗ ಕೆಲವು ಸಂಗತಿಗಳನ್ನು ನೆನಪಿಡತಕ್ಕದ್ದು. ಆರೋಗ್ಯವಾಗಿರುವಾಗಲೇ ಮಾಡಿಸಬೇಕು, ಅಪಘಾತದ ಹೊರತು ಮೊದಲ ಮೂವತ್ತು ದಿನಗಳಲ್ಲಿ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ. ಸಕ್ಕರೆ ರೋಗ, ರಕ್ತದ ಒತ್ತಡಗಳನ್ನು ಮುಚ್ಚಿಡಬಾರದು. ಮೊದಲೇ ತಿಳಿಸಿದ ಕಾಯಿಲೆಗೆ 2024ರ ನಿಯಮದಂತೆ ಮೂರು ವರ್ಷಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ. ಮುಚ್ಚಿಟ್ಟರೆ ಆಸ್ಪತ್ರೆಯ ಹಾಸಿಗೆಯ ಮೇಲೆಯೇ ಅದು ಹೊರಬಿದ್ದು ಹಣ ನಿಂತೀತು. ಕಂತನ್ನು ಗಡುವಿನೊಳಗೆ ತುಂಬಬೇಕು. ಸ್ವಂತದ ಆರೋಗ್ಯವಿಮೆಯ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆಯೆಂಬುದೊಂದು ಸಮಾಧಾನ. ನೌಕರಿಯ ವಿಮೆಯಿರುವವರು ನಿವೃತ್ತಿಗೆ ಕೆಲವು ವರ್ಷ ಮೊದಲೇ ಸ್ವಂತದ್ದೊಂದನ್ನು ಮಾಡಿಸಿಕೊಳ್ಳಬೇಕು. ಎಪ್ಪತ್ತು ತುಂಬಿದ ತಂದೆತಾಯಿಗಳಿಗೆ, ವರಮಾನ ಎಷ್ಟೇ ಇರಲಿ, 2024ರ ಅಕ್ಟೋಬರದಿಂದ ಆಯುಷ್ಮಾನ್ ಭಾರತದ ಐದು ಲಕ್ಷ ರೂಪಾಯಿಗಳ ರಕ್ಷಣೆ ಉಂಟು. ಅದರ ಕಾರ್ಡನ್ನು ಕಾಯಿಲೆ ಬರುವ ಮೊದಲೇ ಮಾಡಿಸಿಡಿ.

ಕೊನೆಯದಾಗಿ, ಹಣದಿಂದಲೂ ಕೊಳ್ಳಲಾಗದ ಒಂದು ವಸ್ತುವಿದೆ. ಊರಿನಿಂದ ಬಂದ ವೃದ್ಧ ತಾಯಿಗೆ ಕನ್ನಡವೊಂದೇ ಗೊತ್ತು. ನಡುರಾತ್ರಿ ಆಸ್ಪತ್ರೆಯಲ್ಲಿ ನೋವು ಎಲ್ಲಿದೆಯೆಂದು ವೈದ್ಯರು ಕೇಳಿದರೆ ಅವಳು ಯಾರಿಗೆ ಹೇಳಬೇಕು? ಎದೆ ಹಿಂಡಿದಂತಾಗುವುದಕ್ಕೂ ಎದೆ ಉರಿಯುವುದಕ್ಕೂ ಇರುವ ವ್ಯತ್ಯಾಸ ತಿಳಿಯದೆ ಹೋದರೆ ಪ್ರಾಣಕ್ಕೇ ಸಂಚಕಾರ. ಆದುದರಿಂದ ನಮ್ಮ ಸಂಘವು ಬಡಾವಣೆಗೊಂದರಂತೆ ಒಂದು ಪಟ್ಟಿ ಮಾಡಲಿ: ರಕ್ತ ಕೊಡಬಲ್ಲವರು, ವಾಹನ ತರಬಲ್ಲವರು, ವಿಮೆಯ ಕಾಗದ ತುಂಬಬಲ್ಲವರು, ಹಾಸಿಗೆಯ ಪಕ್ಕ ಕುಳಿತು ಕನ್ನಡದ ನೋವನ್ನು ಮರಾಠಿಯಲ್ಲಿ ತಿಳಿಸಬಲ್ಲವರು. ಊರಿನ ಹೊಲದಲ್ಲಿ ಮುಯ್ಯಾಳಾಗಿ ದುಡಿದವರ ಮಕ್ಕಳು ನಾವು; ಇದು ನಮ್ಮಿಂದ ಆಗದ ಕೆಲಸವಲ್ಲ.

ಮನೆ ಹೊತ್ತಿ ಉರಿಯುವಾಗ ಬಾವಿ ತೋಡಿದರೆ ಫಲವೇನು? ಇಂದು ಸಂಜೆ ಮನೆಗೆ ಮರಳಿದೊಡನೆ ವಿಮಾಪತ್ರ ಎಲ್ಲಿದೆಯೆಂದು ಒಮ್ಮೆ ಹುಡುಕಿ ನೋಡಿ. ಇಲ್ಲದಿದ್ದರೆ ಈ ವಾರವೇ ವಿಚಾರಿಸಿ. ಆ ಪಟ್ಟಿಗೆ ಮೊದಲ ಹೆಸರು ಕೊಡಲು ನಾವು ಸಿದ್ಧ. ಮುಂದಿನ ರಾಜ್ಯೋತ್ಸವಕ್ಕೆ ನಾವೆಲ್ಲರೂ, ಒಬ್ಬರೂ ಕಡಿಮೆಯಾಗದೆ, ಇದೇ ಸಭಾಗೃಹದಲ್ಲಿ ಕೂಡುವಂತಾಗಲೆಂದು ತಾಯಿ ಭುವನೇಶ್ವರಿಯನ್ನು ಬೇಡಿಕೊಂಡು ನಮ್ಮ ಮಾತನ್ನು ಮುಗಿಸುತ್ತೇವೆ.